ಧಾತು-ಈಶ್ವರ ಬರವೂ ಪುಣೆಯ ಸಿಮ್ಲಾ ಕಚೇರಿಯೂ

ಪುಣೆಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಸಿಮ್ಲಾ ಆಫೀಸ್ ಎಂಬ ಹೆಸರನ್ನು ಕೇಳದವರು ವಿರಳ. ಕೋಥರೂಡದಿಂದ ಶಿವಾಜಿನಗರದ ಕಡೆಗೆ ಹೋಗುವ ನಾವು ಎಷ್ಟೋ ಸಲ ಆ ಚೌಕವನ್ನು ದಾಟಿದ್ದೇವೆ. ಗಡಿಯಾರದ ಗೋಪುರವಿರುವ ಆ ಕಲ್ಲಿನ ಕಟ್ಟಡವನ್ನೂ ನೋಡಿದ್ದೇವೆ. ಆದರೆ ಹಿಮಾಲಯದ ಮಡಿಲಿನ ಸಿಮ್ಲಾಕ್ಕೂ ಮುಠಾ ನದಿಯ ದಂಡೆಯ ಈ ಊರಿಗೂ ಏನು ಸಂಬಂಧವೆಂದು ಕೇಳಿದವರು ಕಡಿಮೆ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿತು. ಅದರ ಮುಖ್ಯ ಕಚೇರಿ ಮೊದಲು ಕಲಕತ್ತೆಯಲ್ಲಿದ್ದು, 1905ರಲ್ಲಿ ಸಿಮ್ಲಾಕ್ಕೆ ಹೋಗಿ, 1928ರಲ್ಲಿ ಕಾಗದಪತ್ರ ಸಮೇತ ಪುಣೆಗೆ ಇಳಿಯಿತು. ಸಿಮ್ಲಾದಿಂದ ಬಂದ ಕಚೇರಿಯನ್ನು ಜನ ಸಿಮ್ಲಾ ಆಫೀಸ್ ಎಂದೇ ಕರೆದರು. 1944ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಹೆಸರು ಹೋಗಲಿಲ್ಲ. ಇಲಾಖೆಯ ದೊಡ್ಡದೊಂದು ಭಾಗವೂ ಇಲ್ಲಿಯೇ ಉಳಿಯಿತು. ದೇಶದ ಊರೂರಿನ ಮಳೆಯ ಲೆಕ್ಕವನ್ನು ಕೂಡಿಡುವ ಭಂಡಾರವೂ ಪುಣೆಯಲ್ಲಿಯೇ ಇದೆ.

ಈ ಮಾತನ್ನು ರಾಜ್ಯೋತ್ಸವದ ಸಂಚಿಕೆಯಲ್ಲಿ ಎತ್ತುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹಲವರ ಮನೆತನಗಳು ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ಕಲಬುರ್ಗಿಯ ಬಯಲುನಾಡಿನವು. ಊರು ಬಿಟ್ಟುದಕ್ಕೆ ಕೆಲವರಿಗೆ ನೌಕರಿ ಕಾರಣ, ಕೆಲವರಿಗೆ ಓದು ಕಾರಣ. ಆದರೆ ಎರಡು ತಲೆಮಾರು ಹಿಂದಕ್ಕೆ ಹೋಗಿ ವಿಚಾರಿಸಿದರೆ, ಮಳೆ ಕೈಕೊಟ್ಟ ಒಂದು ವರ್ಷ ಎಲ್ಲಿಯಾದರೂ ಅಡಗಿರುತ್ತದೆ. ನಮ್ಮ ಮಕ್ಕಳು ಇಲ್ಲಿ ನಲ್ಲಿಯ ನೀರು ಕುಡಿದು ಬೆಳೆಯುತ್ತಿದ್ದಾರೆ. ಅವರಿಗೆ ಅಜ್ಜನ ಊರಿನ ಬರವೆಂದರೆ ದೈವದ ಮುನಿಸು, ಇಲ್ಲವೇ ಸರಕಾರದ ಅಲಕ್ಷ್ಯ. ಅದಕ್ಕೊಂದು ಚರಿತ್ರೆಯುಂಟು, ಆ ಚರಿತ್ರೆಯ ಅರ್ಧಭಾಗವನ್ನು ಬರೆದದ್ದು ನಾವೀಗ ವಾಸವಾಗಿರುವ ಈ ಊರೇ.

ಮೊದಲು ನೆಲದ ಮಾತು. ನೈಋತ್ಯ ಮಾರುತವು ಸಹ್ಯಾದ್ರಿಯನ್ನು ಏರುವಾಗಲೇ ತನ್ನ ಗಂಟಿನ ಬಹುಭಾಗವನ್ನು ಬಿಚ್ಚಿಬಿಡುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆ ಪುಣೆಗೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ. ವಿಜಾಪುರದಲ್ಲಿ 600 ಮುಟ್ಟುವುದೂ ಕಷ್ಟ. ಇನ್ನೂ ದಕ್ಷಿಣಕ್ಕೆ ಹೋದರೆ ಚಳ್ಳಕೆರೆಯ ಸೀಮೆಯಲ್ಲಿ 500ಕ್ಕೂ ಕಡಿಮೆ. ಇದನ್ನು ಮಳೆಯ ನೆರಳು ಎನ್ನುತ್ತಾರೆ. ಬಿಸಿಲು ಸುಡುವಲ್ಲಿಯೇ ನೆರಳೆಂಬ ಹೆಸರು ಬಂದದ್ದು ಒಂದು ವಿನೋದವೇ ಸರಿ.

ಮಳೆ ಕಡಿಮೆ ಎಂಬುದಷ್ಟೇ ಕಷ್ಟವಲ್ಲ. ಮಳೆ ಎಲ್ಲಿ ಕಡಿಮೆಯೋ ಅಲ್ಲಿ ಅದರ ಏರುಪೇರು ಹೆಚ್ಚು. ನಾವು ಬ್ಯಾಂಕಿನಲ್ಲಿ ಅಂಕಿಗಳ ನಡುವೆ ದಿನ ಕಳೆಯುವವರು. ಸರಾಸರಿ ಎಂಬುದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ನಮಗೆ ಗೊತ್ತು. ಖಾತೆಯಲ್ಲಿ ವರ್ಷದ ಸರಾಸರಿ ಶಿಲ್ಕು ಎಷ್ಟೇ ಚೆನ್ನಾಗಿದ್ದರೂ ಚೆಕ್ಕು ಬಂದ ದಿವಸ ಶಿಲ್ಕಿಲ್ಲವಾದರೆ ಚೆಕ್ಕು ಮರಳುತ್ತದೆ. ಪೈರಿನದೂ ಅದೇ ಲೆಕ್ಕ. ಬಯಲುನಾಡಿನ ಎರೆಭೂಮಿಗೆ ಬೇಕಾದುದು ಎರಡು ಕಂತು: ಜೂನ್-ಜುಲೈಯ ಮುಂಗಾರಿ, ಸೆಪ್ಟೆಂಬರ್-ಅಕ್ಟೋಬರದ ಹಿಂಗಾರಿ. ಉತ್ತರೆ, ಹಸ್ತ ಮಳೆಗಳು ಸಕಾಲಕ್ಕೆ ಬಿದ್ದರೆ ಕಪ್ಪುಮಣ್ಣು ಆ ತೇವವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ; ಬಿಳಿಜೋಳ ಮುಂದೆ ಚಳಿಯಲ್ಲಿ ಆ ತೇವವನ್ನೇ ಉಂಡು ಬೆಳೆಯುತ್ತದೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂದು ನಮ್ಮ ಹಿರಿಯರು ಹೇಳುವರು. ಮಳೆ ಎಷ್ಟು ಎಂದು ಈ ಗಾದೆ ಕೇಳುವುದಿಲ್ಲ, ಯಾವಾಗ ಎಂದು ಕೇಳುತ್ತದೆ. ಅಂಕಿಶಾಸ್ತ್ರದ ಗ್ರಂಥಕ್ಕಿಂತ ಈ ಗಾದೆ ನೆಟ್ಟಗಿದೆ ಎಂಬುದು ನಮ್ಮ ಅಭಿಪ್ರಾಯ.

ಈ ಎರಡು ಕಂತುಗಳೂ ತಪ್ಪಿದ ವರ್ಷ 1876. ಅಂದು ಧಾತು ಸಂವತ್ಸರ, ಮರುವರ್ಷ ಈಶ್ವರ. ಆದುದರಿಂದಲೇ ಹಳಬರ ಬಾಯಲ್ಲಿ ಅದು ಧಾತು-ಈಶ್ವರ ಬರ. ಮೈಸೂರು ಸೀಮೆಯಲ್ಲಿ 1875ರಲ್ಲಿಯೇ ಮಳೆ ಕುಂದಿತ್ತು. 1876ರಲ್ಲಿ ಬಯಲುನಾಡಿನಲ್ಲೆಲ್ಲ ಮುಂಗಾರಿ ಒಣಗಿತು, ಹಿಂಗಾರಿ ಮೋರೆ ತೋರಿಸಲಿಲ್ಲ. 1877ರ ಮಳೆಗಾಲವೂ ಮೊದಲಲ್ಲಿ ಹಾಗೆಯೇ ಹೋಗಿ, ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮಾತ್ರ ಆಕಾಶ ಕರಗಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ 50,55,412 ಜನರನ್ನು ಎಣಿಸಿತ್ತು; ಹತ್ತು ವರ್ಷಗಳ ಮೇಲೆ 1881ರಲ್ಲಿ ಎಣಿಸಿದಾಗ ಸಿಕ್ಕವರು 41,86,188. ಹತ್ತು ವರ್ಷಗಳಲ್ಲಿ ಜನ ಹೆಚ್ಚಬೇಕಾಗಿದ್ದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾಗಿದ್ದರು. ಈಗಿನ ವಿಜಾಪುರ, ಬಾಗಲಕೋಟೆಗಳು ಆಗ ಕಲಾದಗಿ ಜಿಲ್ಲೆ. ಅಲ್ಲಿ ಐದರಲ್ಲಿ ಒಂದು ಪಾಲು ಜನ ಗಣತಿಯಿಂದ ಮಾಯವಾದರು. ಸತ್ತವರೆಷ್ಟೋ, ನಿಜಾಮನ ಸೀಮೆಗೆ ಗುಳೆ ಹೋದವರೆಷ್ಟೋ. ಗುಳೆ ಎಂಬ ಮಾತು ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಬರಪರಿಹಾರದ ಕೆಲಸಕ್ಕೆ ಬಂದವರಿಗೆ ಕೂಲಿ ಎಷ್ಟು ಕೊಡಬೇಕೆಂಬುದು ಆಗ ದೊಡ್ಡ ಪ್ರಶ್ನೆಯಾಯಿತು. ವೈಸರಾಯ್ ಲಾರ್ಡ್ ಲಿಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಚೂರು ಕಾಸು, ಸಾಕೆಂದು ಗೊತ್ತುಮಾಡಿದರು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಅದನ್ನುಂಡು ಇಡೀ ದಿನ ಕಲ್ಲು ಒಡೆಯಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಜೀವ ಹಿಡಿಯಲು ಸಾಲದೆಂದು ಕಟುವಾಗಿ ಬರೆದರು. ಮುಂಬಯಿ ಇಲಾಖೆಯಲ್ಲಿ ಕೂಲಿಯವರೇ ಕೆಲಸ ಬಿಟ್ಟು ನಿಂತರು. ಅವರ ಪರವಾಗಿ ಮಾತನಾಡಿದ್ದು ಪುಣೆಯ ಸಾರ್ವಜನಿಕ ಸಭೆ. 1870ರಲ್ಲಿ ಹುಟ್ಟಿದ ಈ ಸಭೆಯಲ್ಲಿ ಗಣೇಶ ವಾಸುದೇವ ಜೋಶಿಯವರಿದ್ದರು, ನ್ಯಾಯಮೂರ್ತಿ ರಾನಡೆಯವರ ಮಾರ್ಗದರ್ಶನವಿತ್ತು. ಸಭೆಯವರು ಬರದ ಜಿಲ್ಲೆಗಳಿಗೆ ತಮ್ಮ ಜನರನ್ನು ಕಳುಹಿಸಿ, ಬೆಳೆಯ ಸ್ಥಿತಿ, ಧಾನ್ಯದ ಧಾರಣೆ, ಜನರ ಪಾಡು ಇವುಗಳ ವರದಿ ತರಿಸಿ, ಸರಕಾರಕ್ಕೆ ಒಂದರ ಮೇಲೊಂದು ಬರಗಾಲದ ನಿರೂಪಣೆಗಳನ್ನು ಬರೆದು ಕಳುಹಿಸಿದರು. ಪುಣೆಯವರು ನಮ್ಮವರಿಗಾಗಿ ಲೇಖನಿ ಹಿಡಿದ ಈ ಸಂಗತಿಯನ್ನು ಭಾಷೆಯ ಜಗಳದ ದಿನಗಳಲ್ಲಿಯೂ ಮರೆಯತಕ್ಕದ್ದಲ್ಲ.

ಬರದ ಮೇಲೆ ಆಯೋಗ ಕುಳಿತು 1880ರಲ್ಲಿ ವರದಿ ಕೊಟ್ಟಿತು. ಧಾನ್ಯ ಒಂದೆಡೆ ಇದ್ದು ಜನ ಇನ್ನೊಂದೆಡೆ ಸಾಯದಂತೆ ರೈಲುಹಾದಿಗಳಾಗಬೇಕೆಂದಿತು. ಹಾಗೆ 1882ರಲ್ಲಿ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಸೋಲಾಪುರದ ಆಚೆಗಿನ ಹೊಟಗಿಯಿಂದ ವಿಜಾಪುರ, ಬಾಗಲಕೋಟೆಯ ಮೇಲೆ ಗದಗಕ್ಕೆ ಹೋಗುವ ಹಾದಿ ಆ ದಶಕದ್ದು. ದಸರೆ ದೀಪಾವಳಿಗೆ ಮಕ್ಕಳುಮರಿ ಕಟ್ಟಿಕೊಂಡು ನಾವು ಊರಿಗೆ ಹೋಗುವ ಹಾದಿಯೂ ಅದೇ. ಅದು ವ್ಯಾಪಾರಕ್ಕಾಗಿ ಹುಟ್ಟಿದ್ದಲ್ಲ, ಬರಕ್ಕಾಗಿ ಹುಟ್ಟಿದ್ದು.

ಇನ್ನು ಮಳೆ ಏಕೆ ತಪ್ಪಿತು ಎಂಬ ಪ್ರಶ್ನೆ. ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲಾನ್‌ಫರ್ಡ್ ಈ ಬರದ ಹಿನ್ನೆಲೆಯಲ್ಲಿಯೇ ಕೆಲಸಕ್ಕೆ ಇಳಿದರು. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂದಿನ ಮಳೆಗಾಲ ಕುಂದುತ್ತದೆಂದು 1884ರಲ್ಲಿ ಪ್ರಕಟಿಸಿದರು. 1886ರಿಂದ ಮಳೆಯ ಮುನ್ಸೂಚನೆ ಕ್ರಮವಾಗಿ ಹೊರಬರತೊಡಗಿತು. ಮುಂದಿನವರಾದ ಸರ್ ಜಾನ್ ಎಲಿಯಟರ ಕಾಲದಲ್ಲಿ, 1899ರಲ್ಲಿ, ಒಳ್ಳೆಯ ಮಳೆಯಾಗುವುದೆಂದು ಸಾರಿದ ವರ್ಷವೇ ಭಯಂಕರ ಬರ ಬಿತ್ತು. ಪತ್ರಿಕೆಗಳು ಬಿಟ್ಟಾವೆಯೇ?

1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಹವಾಮಾನದವರಲ್ಲ, ಕೇಂಬ್ರಿಜ್ಜಿನ ಗಣಿತಜ್ಞರು. ಮೋಡವನ್ನು ನೋಡುವುದಕ್ಕೆ ಬದಲು ಲೆಕ್ಕವನ್ನು ನೋಡಿದರು ಎನ್ನಬಹುದು. ಗುಮಾಸ್ತರ ಒಂದು ಪಡೆಯನ್ನೇ ಕೂಡಿಸಿ, ಜಗತ್ತಿನ ನಾನಾ ಕಡೆಯ ವಾಯುಭಾರ, ಮಳೆ, ಉಷ್ಣತೆಗಳ ಅಂಕಿಗಳನ್ನು ಒಂದರೊಡನೊಂದು ಹೊಂದಿಸಿ ನೋಡಿಸಿದರು. ನಮ್ಮಂಥ ಗುಮಾಸ್ತರಿಗೆ ಇದು ಓದಲು ಹಿತವಾದ ಅಧ್ಯಾಯ. ಯಂತ್ರಗಣಕವಿಲ್ಲದ ಕಾಲದಲ್ಲಿ ಕೈಯಿಂದ ಕೂಡಿ ಕಳೆದವರ ಹೆಸರು ಎಲ್ಲಿಯೂ ಉಳಿದಿಲ್ಲ. ಆ ಅಂಕಿಗಳ ರಾಶಿಯಿಂದ ವಾಕರರಿಗೆ ಒಂದು ವಿಚಿತ್ರ ಕಂಡಿತು. ಶಾಂತಸಾಗರದ ಪೂರ್ವದಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ, ತಕ್ಕಡಿಯ ಎರಡು ತಟ್ಟೆಗಳಂತೆ. ಇದನ್ನು ಅವರು ದಕ್ಷಿಣದ ಆಂದೋಲನವೆಂದು ಕರೆದರು. 1924ರಲ್ಲಿ ಅವರು ಭಾರತ ಬಿಟ್ಟರು. ನಾಲ್ಕು ವರ್ಷಗಳ ಮೇಲೆ ಅವರ ಕಚೇರಿ ಪುಣೆಗೆ ಬಂತು.

ತಕ್ಕಡಿಯನ್ನು ತೂಗುವ ಕೈ ಯಾವುದೆಂದು ಗೊತ್ತಾಗಲು 1969ರ ವರೆಗೆ ಕಾಯಬೇಕಾಯಿತು. ದಕ್ಷಿಣ ಅಮೆರಿಕೆಯ ಪೆರು ದೇಶದ ಬೆಸ್ತರು ಕೆಲವು ವರ್ಷ ಕ್ರಿಸ್‌ಮಸ್ಸಿನ ಹೊತ್ತಿಗೆ ತಮ್ಮ ಕಡಲು ಬೆಚ್ಚಗಾಗಿ ಮೀನು ಕಡಿಮೆಯಾಗುವುದನ್ನು ಕಂಡಿದ್ದರು. ಬಾಲಯೇಸುವಿನ ಹೆಸರಿನಿಂದ ಅದನ್ನು ಎಲ್ ನಿನೊ ಎಂದರು. ನಾರ್ವೆ ಮೂಲದ ಯಾಕೊಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ಈ ಬೆಚ್ಚನೆಯ ನೀರೂ ವಾಕರರ ಆಂದೋಲನವೂ ಒಂದೇ ಕಾರ್ಯದ ಎರಡು ಮುಖಗಳೆಂದು ತೋರಿಸಿದರು. ಸಾಮಾನ್ಯವಾಗಿ ಬೆಚ್ಚನೆಯ ನೀರು ಇಂಡೊನೇಷ್ಯದ ಕಡೆ ತುಂಬಿರುತ್ತದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಎಲ್ ನಿನೊ ವರ್ಷ ಆ ನೀರು ಪೂರ್ವಕ್ಕೆ ಸರಿಯುವುದರಿಂದ ಮೇಲೇರುವ ಗಾಳಿಯೂ ಸರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಗಿಳಿಯುವ ಒಲವು ತೋರುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಬಲಿಯುವುದಿಲ್ಲ.

1877ರಲ್ಲಿ ಬಂದ ಎಲ್ ನಿನೊ ಲೆಕ್ಕದಲ್ಲಿರುವ ಪ್ರಬಲವಾದವುಗಳಲ್ಲಿ ಒಂದು. ಅದೇ ವರ್ಷ ಉತ್ತರ ಚೀನದಲ್ಲಿಯೂ ಬ್ರೆಜಿಲಿನ ಈಶಾನ್ಯದಲ್ಲಿಯೂ ಜನ ಹಸಿವಿನಿಂದ ಸತ್ತರು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಬಯಲುನಾಡಿನಲ್ಲಿ ಮಳೆ ತಪ್ಪಿದ್ದು 1876ರಲ್ಲಿ, ಎಲ್ ನಿನೊ ತನ್ನ ಪೂರ್ಣ ಬಲಕ್ಕೆ ಬಂದದ್ದು 1877ರಲ್ಲಿ. ಎಲ್ಲ ಪಾಪವನ್ನೂ ಪೆರುವಿನ ಕಡಲಿಗೆ ಕಟ್ಟಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಮಳೆ ಇಲ್ಲದ್ದು ಒಂದು ಕಾರಣ. ಬರದ ನಡುವೆಯೂ ಬಂದರುಗಳಿಂದ ಗೋಧಿ ಹಡಗೇರುತ್ತಿದ್ದುದು ಇನ್ನೊಂದು. ಟೆಂಪಲ್ಲರ ಒಂದು ಪೌಂಡು ಮತ್ತೊಂದು.

ಕೋಥರೂಡದ ಗುಡ್ಡದಾಚೆ ಪಾಷಾಣದಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆಯಿದೆ, 1962ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ವಿಜ್ಞಾನಿಗಳು ದೇಶದ ಮುನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಅಂಕಿಗಳನ್ನು 1871ರಿಂದ ತಿಂಗಳು ತಿಂಗಳಾಗಿ ಜೋಡಿಸಿ ಒಂದು ಸರಣಿಯನ್ನು ಕಟ್ಟಿದರು. ಇಡೀ ಭಾರತದ ಮಳೆಗಾಲದ ಸರಾಸರಿ ಅದರಲ್ಲಿ ಸುಮಾರು 850 ಮಿ.ಮೀ.; 1877ರಲ್ಲಿ ಬಿದ್ದದ್ದು ಸುಮಾರು 600. ಅದಕ್ಕಿಂತ ಕೆಳಗಿನ ವರ್ಷ ಆ ಸರಣಿಯಲ್ಲಿ ಇಲ್ಲ. ಇನ್ನೊಂದು ಸಂಗತಿಯೂ ಅದರಿಂದ ತಿಳಿದುಬಂತು. ಮಳೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದಲ್ಲದೆ ಮೂವತ್ತು ವರ್ಷಗಳ ಆಸುಪಾಸಿನ ದೊಡ್ಡ ಅಲೆಗಳಲ್ಲಿಯೂ ಏರಿಳಿಯುತ್ತದೆ. 1901ರಿಂದ 1930ರ ವರೆಗೆ ಕುಂದಿದ ಕಾಲ, 1931ರಿಂದ 1960ರ ವರೆಗೆ ಸಮೃದ್ಧಿಯ ಕಾಲ, ಆಮೇಲಿನ ಮೂವತ್ತು ವರ್ಷ ಮತ್ತೆ ಕುಂದಿದ ಕಾಲ. 1965, 1966, 1972, 1979, 1982, 1987 ಎಲ್ಲವೂ ಆ ಕೊನೆಯ ಕಂತಿನ ಬರಗಳು. ನಮ್ಮ ಕಾಲದಲ್ಲಿ ಮಳೆ ಹೀಗಿರಲಿಲ್ಲ ಎಂದು ಅಜ್ಜಂದಿರು ಹೇಳಿದಾಗ ನಾವು ನಕ್ಕದ್ದುಂಟು. ಐವತ್ತರ ದಶಕದಲ್ಲಿ ಪ್ರಾಯದಲ್ಲಿದ್ದ ಅಜ್ಜನಿಗೆ ಆ ಮಾತನ್ನಾಡುವ ಹಕ್ಕು ಪೂರ್ತಿಯಾಗಿ ಇತ್ತು.

ಮಳೆಮಾಪಕಗಳಿಗಿಂತ ಹಿಂದಿನ ಕಾಲಕ್ಕೆ ಸಾಕ್ಷಿ ಬೇರೆ ಬಗೆಯದು. ಬಹಮನಿ ಸುಲ್ತಾನರ ಕಾಲದಲ್ಲಿ 1396ರಿಂದ ಹನ್ನೆರಡು ವರ್ಷ ದಕ್ಖನ್ನಿನಲ್ಲಿ ದುರ್ಗಾದೇವಿಯ ಬರ ಬಿದ್ದಿತೆಂದು ಪರಂಪರೆಯ ಮಾತಿದೆ. ಹನ್ನೆರಡು ವರ್ಷವೆಂಬುದು ಕತೆಯ ಲೆಕ್ಕದಂತೆ ತೋರಬಹುದು. ಆದರೆ ಛತ್ತೀಸಗಡದ ದಂಡಕ ಗುಹೆಯಲ್ಲಿ ತೊಟ್ಟಿಕ್ಕುವ ನೀರಿನಿಂದ ಪದರಪದರವಾಗಿ ಬೆಳೆದ ಸುಣ್ಣದ ಕಲ್ಲನ್ನು ಕೊಯ್ದು ಪರೀಕ್ಷಿಸಿದವರು, 14ನೆಯ ಶತಮಾನದ ನಡುವಿನಿಂದ 15ನೆಯ ಶತಮಾನದ ನಡುವಿನ ವರೆಗೆ ವರ್ಷಗಟ್ಟಲೆ ಮಳೆ ಸೊರಗಿದ ಕಾಲಗಳಿದ್ದುವೆಂದು ಕಂಡಿದ್ದಾರೆ. ಆ ಕಾಲದ ಕೊನೆಗೆ ಸೇರಿದ್ದು ಮಂಗಳವೇಢೆಯ ದಾಮಾಜಿಪಂತರ ಕತೆ. ಬೀದರದ ಸುಲ್ತಾನನ ಕಣಜವನ್ನು ಹಸಿದವರಿಗೆ ತೆರೆದುಕೊಟ್ಟ ಅಧಿಕಾರಿ. ಆ ಸಾಲವನ್ನು ಪಂಢರಪುರದ ವಿಠ್ಠಲನೇ ಬಂದು ತೀರಿಸಿದನೆಂದು ಭಕ್ತರ ನಂಬಿಕೆ. ನಾವು ಇದನ್ನು ನಮ್ಮ ವೃತ್ತಿಯ ಕಣ್ಣಿನಿಂದ ನೋಡಿದರೆ, ಕೊಟ್ಟದ್ದನ್ನು ಖರ್ಚು ಬರೆದು, ಬಂದದ್ದನ್ನು ಜಮಾ ಮಾಡಿಕೊಂಡು, ರಸೀದಿ ಕೊಟ್ಟ ಚೊಕ್ಕ ವ್ಯವಹಾರ. ಅದೇ ಮಂಗಳವೇಢೆ ಇಂದಿಗೂ ಮಾಲ್ದಂಡಿ ಜೋಳಕ್ಕೆ ಹೆಸರಾದುದು. ಕೋಥರೂಡದ ಸಂತೆಯಲ್ಲಿ ನಮ್ಮ ಹೆಣ್ಣುಮಕ್ಕಳು ಕೇಳಿ ತರುವ ಜೋಳವೂ ಅದೇ.

ಒಂದು ಕಡಲನ್ನು ಹಿಡಿದರೆ ಇನ್ನೊಂದು ಕಡಲು ಕೈ ತಪ್ಪಿಸುತ್ತದೆ. 1997ರಲ್ಲಿ ಬಲವಾದ ಎಲ್ ನಿನೊ ಬಂತು. ಎಲ್ಲರೂ ಬರಕ್ಕೆ ಸಿದ್ಧರಾದರು. ಮಳೆ ಎಂದಿನಂತೆಯೇ ಆಯಿತು. 2002ರ ಎಲ್ ನಿನೊ ಅಷ್ಟೇನೂ ದೊಡ್ಡದಲ್ಲ. ಜುಲೈ ತಿಂಗಳೇ ಒಣಗಿ ಬರ ಬಿತ್ತು. ಹಿಂದೂ ಮಹಾಸಾಗರದಲ್ಲಿಯೂ ಪೂರ್ವ-ಪಶ್ಚಿಮಗಳ ನಡುವೆ ಬಿಸಿ-ತಂಪುಗಳ ಒಂದು ತೂಗಾಟವಿದೆಯೆಂದು 1999ರಲ್ಲಿ ಬೆಳಕಿಗೆ ಬಂತು. ಅದನ್ನು ಕಂಡ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರಿದ್ದರು. 1997ರಲ್ಲಿ ಈ ತೂಗಾಟ ಮಳೆಗೆ ಅನುಕೂಲವಾಗಿತ್ತು. 2009 ಇನ್ನೂ ವಿಚಿತ್ರ. ದೇಶಕ್ಕೆಲ್ಲ ಅದು ಬರದ ವರ್ಷ, ನೂರಕ್ಕೆ ಇಪ್ಪತ್ತೆರಡು ಪಾಲು ಕಡಿಮೆ ಮಳೆ. ಆದರೆ ಸೆಪ್ಟೆಂಬರದ ಕೊನೆಗೆ, ಹಸ್ತ ಮಳೆಯ ಹೊತ್ತಿಗೆ, ವಿಜಾಪುರ, ಬಾಗಲಕೋಟೆ, ರಾಯಚೂರುಗಳ ಮೇಲೆ ನಾಲ್ಕಾರು ದಿನದಲ್ಲಿ ಆಕಾಶವೇ ಹರಿದು ಬಿದ್ದು ಹಳ್ಳಿಹಳ್ಳಿಗಳು ಮುಳುಗಿದುವು. ಬರವೂ ನೆರೆಯೂ ಒಂದೇ ವರ್ಷದ ಖಾತೆಯಲ್ಲಿ ಬಂದುವು. ಜಗತ್ತು ಕಾಯುತ್ತ ಹೋದಂತೆ ಭಾರಿ ಮಳೆಯ ದಿನಗಳು ಹೆಚ್ಚಿ ಸಾಧಾರಣ ಮಳೆಯ ದಿನಗಳು ಕಡಿಮೆಯಾಗುತ್ತಿವೆ ಎಂದು ಮಧ್ಯಭಾರತದ ಅಂಕಿಗಳಿಂದ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಆ ಆಗಸ್ಟು 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟು.

ಹಾಗಾದರೆ ರೈತನು ಏನು ಮಾಡಬೇಕು? ಹಿಂದಿನವರು ಮಾಡಿದ್ದು ಹಗೇವು. ಒಳ್ಳೆಯ ವರ್ಷದ ಜೋಳವನ್ನು ನೆಲದೊಳಗೆ ಹೂಳಿಟ್ಟು ಕೆಟ್ಟ ವರ್ಷ ತೆಗೆಯುವುದು. ನಮ್ಮ ಮುದ್ದತಿನ ಠೇವಣಿಯ ಅಜ್ಜ ಎನ್ನಿರಿ. ಇನ್ನೊಂದು ಅಕ್ಕಡಿ ಸಾಲು: ಜೋಳದ ನಡುವೆ ತೊಗರಿ, ಹೆಸರು, ಒಂದು ಹೋದರೆ ಒಂದು ಉಳಿಯಲೆಂದು. ಮಕ್ಕಳು ಹಂಚಿನ ಮೇಲೆ ಗುರ್ಜಿಯನ್ನಿಟ್ಟು ಮನೆಮನೆಗೆ ಹೊತ್ತು ತಿರುಗಿದ್ದೂ ಉಂಟು. ಅದರಿಂದ ಮಳೆ ಬಂದೀತೆಂದು ನಾವು ಹೇಳಲಾರೆವು, ಓಣಿಯ ಜನ ಒಂದಾದದ್ದು ಮಾತ್ರ ನಿಜ. ಸರಕಾರದ ಕಡೆಯಿಂದ ಒಣಬೇಸಾಯದ ಶೋಧನೆ 1923ರಲ್ಲಿ ಪುಣೆಯ ಹತ್ತಿರದ ಮಾಂಜರಿಯಲ್ಲಿ ಆರಂಭವಾಯಿತು. ಹತ್ತು ವರ್ಷಗಳ ಮೇಲೆ ಅದಕ್ಕಾಗಿ ದೇಶದಲ್ಲಿ ತೆರೆದ ಐದು ಕೇಂದ್ರಗಳು ಸೋಲಾಪುರ, ವಿಜಾಪುರ, ಬಳ್ಳಾರಿಯ ಹಗರಿ, ರಾಯಚೂರು, ರೋಹತಕ. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿ, ನಾಲ್ಕನೆಯದು ಅದರ ಹೊಸ್ತಿಲಲ್ಲಿ. ಬರದ ವಿಷಯದಲ್ಲಿ ನಮ್ಮ ನಾಡಿಗೆ ದೊರೆತ ಈ ಹಿರಿತನಕ್ಕೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದು.

1944ರಲ್ಲಿ ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ದುಡಿದ ಸುಲೋಚನಾ ಗಾಡಗೀಳರು ಮಾಡಿದ ಕೆಲಸವನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಮೋಡಗಳ ಶಾಸ್ತ್ರದಲ್ಲಿ ಜಗತ್ತೇ ಬಲ್ಲ ಈ ತಾಯಿ ತುಮಕೂರು ಜಿಲ್ಲೆಯ ಪಾವಗಡದ ಶೇಂಗಾ ಹೊಲಗಳಿಗೆ ಹೋಗಿ ರೈತರೊಡನೆ ಕುಳಿತರು. ಹಲವು ಧಾನ್ಯಗಳ ಹಳೆಯ ಬೇಸಾಯ ಹೋಗಿ ಶೇಂಗಾ ಒಂದೇ ಉಳಿದಿದ್ದ ನಾಡು ಅದು. ಹಳೆಯ ಗಾದೆಗಳು ಹಳೆಯ ಬೆಳೆಗಳಿಗೆ ಹೇಳಿದವು, ಹೊಸ ಬೆಳೆಗೆ ಹೊಂದುತ್ತಿರಲಿಲ್ಲ. ಆ ಸೀಮೆಯ ದೀರ್ಘಕಾಲದ ಮಳೆಯ ಅಂಕಿಗಳನ್ನು ಇಟ್ಟುಕೊಂಡು, ಯಾವ ದಿನ ಬಿತ್ತಿದರೆ ನೂರರಲ್ಲಿ ಎಷ್ಟು ವರ್ಷ ಬೆಳೆ ಕೈಗೆ ಹತ್ತುತ್ತದೆ ಎಂದು ಅವರೂ ಅವರ ಜೊತೆಗಾರರೂ ಲೆಕ್ಕ ಹಾಕಿದರು. ಮಳೆ ಬರುವುದೇ ಎಂದು ಕೇಳದೆ, ಬಾರದಿದ್ದರೆ ನಷ್ಟ ಎಷ್ಟು ಎಂದು ಕೇಳುವ ಈ ದಾರಿ ಸಾಲ ಕೊಡುವವರಿಗೂ ತಕ್ಕುದು.

ಇಂಥ ಲೆಕ್ಕಕ್ಕೆ ಹಳೆಯ ಅಂಕಿ ಎಷ್ಟಿದ್ದರೂ ಸಾಲದು. ತಾಲೂಕು ಕಚೇರಿಯ ಮಳೆಮಾಪಕ ಒಂದು; ಅದರ ಸುತ್ತ ಹಳ್ಳಿಗಳು ನೂರು. ಆದರೆ ನಮ್ಮ ಊರುಗಳ ಸಾವಕಾರರ ಕೀರ್ದಿಗಳಲ್ಲಿ, ಕುಲಕರ್ಣಿಗಳ ದಫ್ತರಗಳಲ್ಲಿ, ಹಿರಿಯರ ಪಂಚಾಂಗದ ಅಂಚಿನಲ್ಲಿ, ಇಂದು ಮಘಾ ಮಳೆ ಚೆನ್ನಾಗಿ ಆಯಿತು, ಬಿತ್ತಿಗೆ ಆರಂಭ, ಜೋಳದ ಧಾರಣೆ ಇಷ್ಟು, ಎಂಬಂಥ ಟಿಪ್ಪಣಿಗಳಿರುವುದುಂಟು. ದೀಪಾವಳಿಗೆ ಊರಿಗೆ ಹೋಗುವ ಬಂಧುಗಳು ಅಟ್ಟದ ಮೇಲಿನ ಗಂಟುಗಳನ್ನು ರದ್ದಿಯವನಿಗೆ ಕೊಡುವ ಮೊದಲು ಒಮ್ಮೆ ಬಿಚ್ಚಿ ನೋಡಬೇಕು. ಮೋಡಿ ಅಕ್ಷರವಿದ್ದರೂ ಚಿಂತೆಯಿಲ್ಲ. ಅದನ್ನು ಓದಬಲ್ಲವರು ಪುಣೆಯಲ್ಲಿ ಇನ್ನೂ ಇದ್ದಾರೆ.